ಶ್ರಾವಣದ ಮಳೆಯಲ್ಲಿ ಘಾರಾಪುರಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಅತ್ತೆ, ಮಾವ ಬಾದಾಮಿ ಕಡೆಯವರು. ಶ್ರಾವಣದಲ್ಲಿ ನಮ್ಮ ಮನೆಗೆ ಬರುತ್ತಿದ್ದಾರೆ. ಸೋಮವಾರದ ದಿನವೇ ಮುಂಬೈ ಬಳಿಯ ಎಲಿಫೆಂಟಾ (ಘಾರಾಪುರಿ) ದ್ವೀಪದ ಗುಹೆಯ ಶಿವನನ್ನು ನೋಡಬೇಕೆಂದು ಅತ್ತೆಯವರ ಆಸೆ. ಅವರಿಗೆ ಮೊಣಕಾಲು ನೋವು. ಮಳೆಗಾಲ, ಮೇಲೆ ಸಮುದ್ರದ ದಾರಿ. ದೀಪಾವಳಿ ಕಳೆಯಲಿ ಅನ್ನುತ್ತಾರೆ ನಮ್ಮ ಯಜಮಾನರು. ಹೋಗಬಹುದೇ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಹೋಗಿ, ಆದರೆ ಸೋಮವಾರ ಬೇಡ. ಶ್ರಾವಣವಾದರೂ ಸರಿ, ಸೋಮವಾರ ಗುಹೆಗಳಿಗೆ ರಜೆ. ಅತ್ತೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಮಂಗಳವಾರವೋ ಬುಧವಾರವೋ ಹೊರಟರೆ ಜನಜಂಗುಳಿಯೂ ಇರುವುದಿಲ್ಲ.

ನಿಮ್ಮ ಯಜಮಾನರ ಹೆದರಿಕೆಯನ್ನು ತಳ್ಳಿಹಾಕಲಾರೆ. ಮುಂಬೈಯ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಹಾದಿ. ಹವಾಮಾನ ಕೆಟ್ಟರೆ ದೋಣಿಗಳನ್ನು ನಿಲ್ಲಿಸುತ್ತಾರೆ. ಆಗ ಯಾರನ್ನೂ ಗೋಗರೆಯದೆ ಮನೆಗೆ ಮರಳಿ. 2024ರ ಡಿಸೆಂಬರ್‌ನಲ್ಲಿ, ಮಳೆಯೇ ಇಲ್ಲದ ದಿನಗಳಲ್ಲಿ, ಇದೇ ದಾರಿಯ ದೋಣಿಯೊಂದು ಅಪಘಾತಕ್ಕೀಡಾಗಿ ಜನ ಸತ್ತರು. ಆದ್ದರಿಂದ ದೋಣಿ ಹತ್ತಿದ ಕೂಡಲೇ ಎಲ್ಲರೂ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಯಾರು ಏನೇ ಅನ್ನಲಿ. ಬೆಳಗಿನ ದೋಣಿಗೇ ಹೋಗಿ, ಕೊನೆಯ ದೋಣಿಗೆ ಕಾಯಬೇಡಿ. ಪ್ರವಾಸಿಗರು ರಾತ್ರಿ ಅಲ್ಲಿ ಉಳಿಯುವಂತಿಲ್ಲ.

ಜೆಟ್ಟಿಯಿಂದ ಬೆಟ್ಟದ ಬುಡದವರೆಗೆ ಪುಟ್ಟ ರೈಲು ಇದೆ. ಅಲ್ಲಿಂದ ನೂರಕ್ಕೂ ಹೆಚ್ಚು ಮೆಟ್ಟಿಲು. ಇಕ್ಕೆಲದ ಅಂಗಡಿಯವರು ತಾಡಪಾಲು ಕಟ್ಟಿರುತ್ತಾರಾದರೂ ಕೆಲವು ಕಡೆ ಕಲ್ಲು ಜಾರುತ್ತದೆ. ಅತ್ತೆಯವರಿಗೆ ಡೋಲಿ ಮಾಡಿಸಿ, ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ. ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ರೇನ್‌ಕೋಟೇ ಆಗಬೇಕು. ತಿಂಡಿಯ ಚೀಲ ಕೈಯಲ್ಲಿ ಹಿಡಿದು ನಡೆದರೆ ಕೋತಿ ಬಿಡುವುದಿಲ್ಲ.

ಇನ್ನು ಮಳೆಯಲ್ಲೇ ಏಕೆ ಹೋಗಬೇಕು ಅನ್ನುತ್ತೇನೆಂದರೆ, ಬೇಸಿಗೆಯ ಮಧ್ಯಾಹ್ನ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಗುಹೆ ಬರೀ ಕತ್ತಲು. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಫೋಟೊ ತೆಗೆದು ಹೊರಟಿರುತ್ತಾರೆ. ಮೋಡದ ದಿನ ಉತ್ತರ, ಪೂರ್ವ, ಪಶ್ಚಿಮ ಮೂರೂ ಕಡೆಯಿಂದ ತಣ್ಣನೆಯ ಬೆಳಕು ಒಂದೇ ಹದದಲ್ಲಿ ಒಳಬರುತ್ತದೆ. ಒಮ್ಮೆ ಜುಲೈಯಲ್ಲಿ ನಮ್ಮ ಅಕ್ಕನೊಡನೆ ಹೋಗಿದ್ದೆ. ಮಳೆ ಹಿಡಿದುಕೊಂಡಿತು, ಮೆಟ್ಟಿಲಿಳಿಯುವ ಹಾಗಿಲ್ಲ. ಕಂಬದ ಬುಡದಲ್ಲಿ ಕೂತೆವು. ಎಷ್ಟೋ ಸಲ ನೋಡಿದ್ದ ಮೂರು ಮುಖದ ಸದಾಶಿವನಲ್ಲಿ, ನಮ್ಮ ಎಡಗಡೆಯ ಮುಖದ ಮೀಸೆ, ಗಂಟಿಕ್ಕಿದ ಹುಬ್ಬು ನನಗೆ ಸರಿಯಾಗಿ ಕಂಡದ್ದು ಅವತ್ತೇ. ಅದು ಅಘೋರ. ಬಲಗಡೆ ಕಮಲ ಹಿಡಿದ ಸೌಮ್ಯ ಮುಖ ವಾಮದೇವ. ನಡುವೆ ಕಣ್ಣು ಮುಚ್ಚಿದ ತತ್ಪುರುಷ. ಐದು ಮೀಟರಿಗೂ ಎತ್ತರದ ಈ ಮೂರ್ತಿಯನ್ನು ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಗೈಡುಗಳು ಈಗಲೂ ಹೇಳುವುದುಂಟು. ಮೂರೂ ಶಿವನ ಮುಖಗಳೇ. ಅತ್ತೆಯವರಿಗೆ ಇದನ್ನು ನೀವೇ ಹೇಳಿ.

ಆ ಮೂರ್ತಿಯ ಪಕ್ಕ, ನಮ್ಮ ಬಲಕ್ಕೆ, ಗಂಗಾಧರ. ಶಿವನ ತಲೆಯ ಮೇಲೆ ಮೂರು ತಲೆಯ ಗಂಗೆ ಇಳಿಯುತ್ತಿದ್ದಾಳೆ. ಹೊರಗೆ ಅಂಗಳದಲ್ಲಿ ನೀರು ಸುರಿಯುವ ಸದ್ದು ಕೇಳುತ್ತಾ ಅದನ್ನು ನೋಡುವ ಸುಖ ದೀಪಾವಳಿಯ ಬಿಸಿಲಿನಲ್ಲಿ ಸಿಗದು. ಎಲ್ಲವನ್ನೂ ನೋಡಿ ಮುಗಿಸುವ ಅವಸರ ಬೇಡ. ಇವೆರಡರ ಮುಂದೆ ಅತ್ತೆಯವರನ್ನು ಕೂರಿಸಿ.

ಮಾವನವರಿಗೆ ಬೇರೆಯೇ ಕೆಲಸವಿದೆ. ಉತ್ತರದ ಬಾಗಿಲಿನಿಂದ ಒಳಹೋದರೆ ಬಲಕ್ಕೆ ನಟರಾಜ. ಕೈಕಾಲು ಮುರಿದಿದ್ದರೂ ನಡು ತಿರುಗಿಸಿ ನಿಂತ ಚೆಲುವು ಹಾಗೇ ಇದೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ ಅವರ ಕಣ್ಣಲ್ಲೇ ಇರುತ್ತಾನೆ. ಎರಡೂ 6ನೆಯ ಶತಮಾನದವು ಎನ್ನುತ್ತಾರೆ. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕಪ್ಪು ಬಸಾಲ್ಟ್. ಯಾವುದು ಹೆಚ್ಚೆಂದು ಅವರನ್ನೇ ಕೇಳಿ. ನನ್ನ ಮನಸ್ಸು ಬಾದಾಮಿಯ ಕಡೆಗೆ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ, ಪಶ್ಚಿಮ ಸಮುದ್ರದ ಲಕ್ಷ್ಮಿಯಾದ ಪುರಿಯನ್ನು ಇಮ್ಮಡಿ ಪುಲಕೇಶಿ ಮದಗಜಗಳಂಥ ನೂರಾರು ನೌಕೆಗಳಿಂದ ಮುತ್ತಿದನೆಂದು ಬರೆದಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂಬುದು ಕೆಲವು ವಿದ್ವಾಂಸರ ಮತ, ಎಲ್ಲರೂ ಒಪ್ಪಿಲ್ಲ. ದೋಣಿಯಲ್ಲಿ ಕೂತಾಗ ಈ ವಿಷಯ ತೆಗೆಯಿರಿ, ಮಾವನವರು ಸುಮ್ಮನಿರಲಾರರು.

ಪ್ರಶ್ನೆ: ಎಲಿಫೆಂಟಾಕ್ಕೆ ಹೆಸರು ತಂದ ಕಲ್ಲಾನೆ ದ್ವೀಪದಲ್ಲಿ ಎಲ್ಲಿಯೂ ಕಾಣಲಿಲ್ಲ. ಎಲ್ಲಿದೆ?
(ಶಾಲಾ ವಿದ್ಯಾರ್ಥಿ, ಥಾಣೆ)

ಉತ್ತರ: ಮುಂಬೈಯ ಬೈಕುಲಾದಲ್ಲಿದೆ, ಮಗೂ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕೆಳಗೆ ಬಿದ್ದು ಚೂರಾಯಿತು. ಆ ಚೂರುಗಳನ್ನು 1914ರಲ್ಲಿ ಜೋಡಿಸಿದರು. ಈಗ ಜೀಜಾಮಾತಾ ಉದ್ಯಾನದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ನಿಂತಿದೆ. ಹತ್ತಿರ ಹೋದರೆ ಬೆಸೆದ ಗೆರೆಗಳು ಕಾಣುತ್ತವೆ. ಡೊಂಬಿವಲಿಯವರೂ ಇದನ್ನು ಗುರುತು ಮಾಡಿಕೊಳ್ಳಿ: ಗೇಟ್‌ವೇಯಲ್ಲಿ ದೋಣಿ ಸಂಚಾರ ನಿಲ್ಲಿಸಿದ್ದರೆ ಮನೆಗೆ ಮರಳುವ ಸೆಂಟ್ರಲ್ ಲೈನ್ ರೈಲಿನ ದಾರಿಯಲ್ಲೇ ಬೈಕುಲಾದಲ್ಲಿ ಇಳಿಯಬಹುದು. ಆದರೆ ಬುಧವಾರ ಅಲ್ಲಿಯೂ ರಜೆ. ಹಾಗಾಗಿ ಅತ್ತೆ, ಮಾವನವರನ್ನು ಮಂಗಳವಾರವೇ ಹೊರಡಿಸಿ.