ಬೆಳಗ್ಗೆ ಎರಡು ನಿಮಿಷ ನಡುಗಿ ತಾನಾಗಿ ಸರಿಹೋಗುವ ಹಳೆಯ ಸೆಸ್ನಾ: ಹಾಗೇ ಹಾರಿಸಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಮೆರಿಕದಲ್ಲಿದ್ದೀರಿ, 1975ರ ಸೆಸ್ನಾ 172 ಕೊಂಡು ಎಂಟು ತಿಂಗಳಾಗಿದೆ. ರಾತ್ರಿಯೆಲ್ಲ ನಿಂತ ವಿಮಾನವನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎರಡು ನಿಮಿಷ ಎಂಜಿನ್ ಗಡಗಡ ನಡುಗುತ್ತದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಮ್ಯಾಗ್ನೆಟೊ (ಪ್ಲಗ್ಗಿಗೆ ಕಿಡಿ ಕೊಡುವ ಸಾಧನ) ಪರೀಕ್ಷೆ ಸರಿ, ಕಂಪ್ರೆಷನ್ (ಸಿಲಿಂಡರ್ ಒತ್ತಡ ಹಿಡಿದಿಡುತ್ತದೆಯೇ ಎಂಬುದು) ಸರಿ. ಪಕ್ಕದ ಹ್ಯಾಂಗರಿನವರು "ಐವತ್ತು ವರ್ಷದ ಎಂಜಿನ್, ಬೆಳಗ್ಗೆ ಒಂದಿಷ್ಟು ಕೆಮ್ಮದೆ ಇರುತ್ತದೆಯೇ" ಅಂದಿದ್ದಾರೆ. ಇದನ್ನು ಹೀಗೇ ಬಿಡಬಹುದೇ, ಇಂಥ ವಿಮಾನವನ್ನು ಸಾಕುವುದಾದರೂ ಹೇಗೆ ಅಂತ ಕೇಳಿದ್ದೀರಿ.

ಬಿಡಬೇಡಿ. ಅದು ಕೆಮ್ಮಲ್ಲ. ಬಹುಮಟ್ಟಿಗೆ ಒಂದು ಎಕ್ಸಾಸ್ಟ್ ವಾಲ್ವ್ (ಸಿಲಿಂಡರಿನ ಹೊಗೆ ಹೊರಬಿಡುವ ಬಾಗಿಲು) ತನ್ನ ಗೈಡಿನಲ್ಲಿ, ಅಂದರೆ ಅದು ಓಡಾಡುವ ಕೊಳವೆಯಲ್ಲಿ, ಸಿಕ್ಕಿಕೊಳ್ಳುತ್ತಿದೆ.

ನಾನು ಮೆಕ್ಯಾನಿಕ್ ಅಲ್ಲ. ಊರು ಸಾಗರದ ಕಡೆ, ಈಗಿರುವುದು ಒಹಾಯೊದಲ್ಲಿ. 1974ರ ಒಂದು 172ಎಂ ವಿಮಾನದಲ್ಲಿ ನನಗೆ ಅರ್ಧ ಪಾಲು, ಹಾಗಾಗಿ ಅದರ ಎಣ್ಣೆ-ಮಸಿಯಲ್ಲೂ ಅರ್ಧ ಪಾಲು. ನಿಮ್ಮದರಲ್ಲಿ ಇರುವುದೂ ನಮ್ಮ ಎಂಜಿನ್ನೇ ಇರಬೇಕು: ಲೈಕಮಿಂಗ್ ಒ-320-ಇ2ಡಿ, ನಾಲ್ಕು ಸಿಲಿಂಡರ್, 150 ಅಶ್ವಶಕ್ತಿ. ನೀವು ಹೇಳಿದ್ದನ್ನೆಲ್ಲ ನಾವು ಅನುಭವಿಸಿದ್ದೇವೆ, ದಂಡವನ್ನೂ ತೆತ್ತಿದ್ದೇವೆ.

ನಮಗೆ ಶುರುವಾದದ್ದು ಒಂದು ಅಕ್ಟೋಬರಿನಲ್ಲಿ, ಚಳಿ ಬಿದ್ದ ವಾರ. ತೊಂಬತ್ತು ಸೆಕೆಂಡು ನಡುಕ, ಆಮೇಲೆ ರೇಷ್ಮೆ. ವಿಮಾನವನ್ನು ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅವರು ಎಂಟೂ ಸ್ಪಾರ್ಕ್ ಪ್ಲಗ್ ಬದಲಿಸಿದರು. ಹೋಗಲಿಲ್ಲ. ಆಮೇಲೆ ಇಗ್ನಿಷನ್ ವೈರುಗಳ ಇಡೀ ಹಾರ್ನೆಸ್ ಬದಲಿಸಿದರು. ಹೋಗಲಿಲ್ಲ. ಬಿಲ್ಲು 1,100 ಡಾಲರ್ ದಾಟಿತು. ಅವರನ್ನು ಕಳ್ಳರು ಅನ್ನುವುದಿಲ್ಲ. ಅವರು ಮಾಡಿದ ಪರೀಕ್ಷೆಯೆಲ್ಲ ಎಂಜಿನ್ ಬಿಸಿಯಾದ ಮೇಲೆ ಮಾಡಿದ್ದು. ಕಂಪ್ರೆಷನ್ ಪರೀಕ್ಷೆ ಮಾಡಬೇಕಾದ್ದೇ ಬಿಸಿ ಎಂಜಿನ್ನಿನಲ್ಲಿ. 80 ಪಿಎಸ್ಐ ಒತ್ತಡದ ಗಾಳಿ ಕೊಟ್ಟರೆ ನಮ್ಮ ನಾಲ್ಕೂ ಸಿಲಿಂಡರ್ 74ರ ಮೇಲೇ ಬಂದವು, ಫಸ್ಟ್ ಕ್ಲಾಸ್. ರೋಗ ಇರುವುದು ತಣ್ಣಗಿರುವಾಗ, ಡಾಕ್ಟರು ನೋಡುವುದು ಬೆಚ್ಚಗಾದ ಮೇಲೆ. ಸಿಕ್ಕುವುದಾದರೂ ಹೇಗೆ?

ವಾಲ್ವ್ ಯಾಕೆ ಸಿಕ್ಕಿಕೊಳ್ಳುತ್ತದೆ ಅಂದರೆ, ಮುಖ್ಯ ಕಾರಣ ಪೆಟ್ರೋಲಿನಲ್ಲಿರುವ ಸೀಸ. ಈ ಎಂಜಿನ್ ರೂಪುಗೊಂಡದ್ದು 80/87 ಎಂಬ ಹಳೆಯ ವಿಮಾನ ಇಂಧನಕ್ಕೆ. ಅದು ಈಗ ಸಿಗುವುದಿಲ್ಲ. ನಾವೆಲ್ಲ ಹಾಕುವ ನೀಲಿ ಬಣ್ಣದ 100ಎಲ್ಎಲ್‌ನ ಹೆಸರಿನಲ್ಲೇ 'ಲೋ ಲೆಡ್' ಇದೆ. ಆದರೆ 'ಕಡಿಮೆ' ಅನ್ನುವುದು ಇನ್ನೂ ಹಳೆಯ 100/130ಕ್ಕೆ ಹೋಲಿಸಿ. 80/87ಕ್ಕೆ ಹೋಲಿಸಿದರೆ ಇದರಲ್ಲಿ ಸೀಸ ನಾಲ್ಕು ಪಟ್ಟಿನವರೆಗೆ ಇರುತ್ತದೆ. ಉರಿದ ಸೀಸ, ಸುಟ್ಟ ಎಣ್ಣೆ ಎರಡೂ ಸೇರಿ ವಾಲ್ವಿನ ಕಾಂಡ ಓಡಾಡುವ ಗೈಡಿನೊಳಗೆ ಕಿಟ್ಟ ಕಟ್ಟುತ್ತದೆ. ತಣ್ಣಗಿರುವಾಗ ಅಲ್ಲಿ ಸಂದು ಕಡಿಮೆ, ವಾಲ್ವ್ ಅರ್ಧ ತೆರೆದಲ್ಲೇ ಕಚ್ಚಿಕೊಳ್ಳುತ್ತದೆ, ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಸಿಲಿಂಡರಿನ ತಲೆ ಅಲ್ಯೂಮಿನಿಯಂ, ಕಾವೇರಿದಂತೆ ಹಿಗ್ಗುತ್ತದೆ, ಸಂದು ಬಿಡುತ್ತದೆ, ವಾಲ್ವ್ ಸಡಿಲಾಗುತ್ತದೆ. ನಿಮ್ಮ ಎರಡು ನಿಮಿಷದ ಲೆಕ್ಕ ಇದು. ಇಲ್ಲಿನ ಮೆಕ್ಯಾನಿಕ್‌ಗಳು ಇದನ್ನು 'ಮಾರ್ನಿಂಗ್ ಸಿಕ್‌ನೆಸ್' ಅನ್ನುತ್ತಾರೆ, ಬಸುರಿಯರ ಬೆಳಗಿನ ವಾಕರಿಕೆಯ ಹೆಸರೇ. ಹೆಸರು ತಮಾಷೆಯದು, ಮುಂದಿನದು ತಮಾಷೆಯಲ್ಲ. ಕಿಟ್ಟ ಬೆಳೆಯುತ್ತಾ ಹೋದರೆ ಒಂದು ದಿನ ವಾಲ್ವ್ ಬಿಡುವುದೇ ಇಲ್ಲ. ವಾಲ್ವ್ ತೆರೆಯಲು ತಳ್ಳುವ ಉಬ್ಬು, ಕ್ಯಾಮ್, ಮಾತ್ರ ತಳ್ಳುತ್ತಲೇ ಇರುತ್ತದೆ. ನಡುವಿನ ಸರಳು (ಪುಶ್‌ರಾಡ್) ಬಗ್ಗುತ್ತದೆ, ಅದರ ಸುತ್ತಲಿನ ಕೊಳವೆ ಬಿರಿದು ಎಣ್ಣೆ ಹೊರಬೀಳುತ್ತದೆ. ಇದು ನೆಲದ ಮೇಲೇ ಆಗಬೇಕೆಂಬ ಕರಾರೇನೂ ಇಲ್ಲ.

ಪ್ಲಗ್ಗಿನ ದೋಷವೋ ವಾಲ್ವಿನ ದೋಷವೋ ಅಂತ ದುಡ್ಡು ಖರ್ಚು ಮಾಡದೆಯೇ ತಿಳಿಯಬಹುದು. ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್, ಎರಡಕ್ಕೂ ಬೇರೆ ಬೇರೆ ಮ್ಯಾಗ್ನೆಟೊ. ಪ್ಲಗ್ ಕೊಳೆಯಾಗಿದ್ದರೆ ಕೀಲಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಒಂದು ಕಡೆ ಮಾತ್ರ ನಡುಕ ಜೋರಾಗುತ್ತದೆ, ಇನ್ನೊಂದು ಕಡೆ ಸರಿ ಇರುತ್ತದೆ. ಎಡಕ್ಕೂ ಬಲಕ್ಕೂ ಎರಡರಲ್ಲೂ ಒಂದೇ ಥರ ನಡುಗಿದರೆ ಕಿಡಿಯದ್ದಲ್ಲ ತಪ್ಪು. ಆದರೆ ಇದನ್ನು ನೋಡಬೇಕಾದ್ದು ನಡುಗುತ್ತಿರುವ ಆ ಎರಡು ನಿಮಿಷದಲ್ಲಿ. ನೀವು ನಿಮಿಷಕ್ಕೆ 1700 ಸುತ್ತಿನಲ್ಲಿ ಮಾಡುವ ಮ್ಯಾಗ್ನೆಟೊ ಪರೀಕ್ಷೆ ವಿಮಾನವನ್ನು ನೆಲದ ಮೇಲೆ ರನ್‌ವೇವರೆಗೆ ಓಡಿಸಿಕೊಂಡು ಹೋದ ಮೇಲಿನದು. ಅಷ್ಟು ಹೊತ್ತಿಗೆ ಸಾಕ್ಷಿ ಓಡಿಹೋಗಿರುತ್ತದೆ. ಇನ್ನೊಂದು: ಸ್ಟಾರ್ಟ್ ಮಾಡಿದ ಮೇಲೆ ಪ್ರೈಮರ್ (ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಚಿಮುಕಿಸುವ ಕೈಪಂಪು) ಗುಂಡಿಯನ್ನು ಒತ್ತಿ ತಿರುಗಿಸಿ ಲಾಕ್ ಮಾಡಿದ್ದೀರಾ ನೋಡಿ. ಲಾಕ್ ಆಗದ ಪ್ರೈಮರ್ ಮೂಲಕ ಎಂಜಿನ್ ಪೆಟ್ರೋಲು ಎಳೆದುಕೊಂಡು ಐಡಲ್‌ನಲ್ಲಿ ಹೀಗೇ ಒದ್ದಾಡುತ್ತದೆ. ಅದಾಗಿದ್ದರೆ ನಿಮ್ಮ ಅದೃಷ್ಟ.

ನಮ್ಮ ರೋಗ ಹಿಡಿದದ್ದು ಎಪ್ಪತ್ತು ದಾಟಿದ ಒಬ್ಬ ಮೆಕ್ಯಾನಿಕ್. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ." ಬೆಳಗ್ಗೆ ಆರೂವರೆಗೆ ಬಂದರು. ಎಂಜಿನ್ನಿನ ಮುಚ್ಚಳ (ಕೌಲಿಂಗ್) ಬಿಚ್ಚಿಸಿ, ಚಕ್ರ ಉರುಳದಂತೆ ಅಡ್ಡ ಕೊಡಿಸಿ, ನನ್ನನ್ನು ಒಳಗೆ ಕೂರಿಸಿದರು. ಸ್ಟಾರ್ಟ್ ಮಾಡಿದೆ. ನಡುಗಿತು. ನಲವತ್ತು ಸೆಕೆಂಡಿಗೆ ಕೈ ಅಡ್ಡ ಬೀಸಿ ನಿಲ್ಲಿಸು ಅಂದರು. ಕೀಲಿ ತೆಗೆದು ಅವರಿಗೆ ಕಾಣುವ ಹಾಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಅವರು ನೀರಿನ ಬಾಟಲಿಯಲ್ಲಿ ಬೆರಳದ್ದಿ ನಾಲ್ಕು ಎಕ್ಸಾಸ್ಟ್ ಕೊಳವೆಗಳಿಗೂ ಒಂದೊಂದು ಹನಿ ಚಿಮುಕಿಸಿದರು, ದೋಸೆ ಕಾವಲಿ ಕಾದಿದೆಯೇ ಅಂತ ನೋಡುತ್ತೇವಲ್ಲ, ಹಾಗೇ. ಒಂದನೆಯದು ಚುಯ್ಯ್ ಅಂತು. ಎರಡನೆಯದು, ನಾಲ್ಕನೆಯದು ಕೂಡ. ಬಲಗಡೆ ಹಿಂದಿನದು, ಮೂರನೆಯ ಸಿಲಿಂಡರಿನದು, ಹನಿ ಹಾಗೇ ಕೆಳಗಿಳಿದು ಬೊಟ್ಟಾಗಿ ನೇತಾಡಿತು: ಕೊಳವೆ ತಣ್ಣಗಿತ್ತು, ಅಂದರೆ ಆ ಸಿಲಿಂಡರ್ ಉರಿದೇ ಇರಲಿಲ್ಲ. 1,100 ಡಾಲರಿನ ಉತ್ತರ ಒಂದು ಹನಿ ನೀರಿನಲ್ಲಿತ್ತು.

ದುರಸ್ತಿಗೆ ಸಿಲಿಂಡರ್ ಕೆಳಗಿಳಿಸಬೇಕಿಲ್ಲ. ಲೈಕಮಿಂಗ್ ಕಂಪನಿಯದೇ 1425 ಸಂಖ್ಯೆಯ ಸರ್ವಿಸ್ ಇನ್‌ಸ್ಟ್ರಕ್ಷನ್‌ನಲ್ಲಿ ಕ್ರಮ ಇದೆ, ಎಲ್ಲರೂ ಅದನ್ನು ಹಗ್ಗದ ಉಪಾಯ ಅನ್ನುತ್ತಾರೆ. ವಾಲ್ವನ್ನು ಒತ್ತುವ ಸನ್ನೆ (ರಾಕರ್), ಪುಶ್‌ರಾಡ್ ತೆಗೆಯಬೇಕು. ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗವನ್ನು ಸಿಲಿಂಡರಿನೊಳಗೆ ತುರುಕಬೇಕು, ತುದಿ ಮಾತ್ರ ಹೊರಗೆ. ಪ್ರೊಪೆಲರ್ ಮೆಲ್ಲಗೆ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಹಗ್ಗವನ್ನು ಅದುಮಿ ವಾಲ್ವನ್ನು ಜಾಗದಲ್ಲೇ ಹಿಡಿಯುತ್ತದೆ. ಆಗ ವಾಲ್ವಿನ ಸ್ಪ್ರಿಂಗ್ ಒತ್ತಿ ಬಿಚ್ಚಬಹುದು. ಆಮೇಲೆ ಹಗ್ಗ ಎಳೆದು, ಪಿಸ್ಟನ್ ಕೆಳಗಿಳಿಸಿ, ವಾಲ್ವನ್ನು ಒಳಕ್ಕೆ ತಳ್ಳಿ, ಗ್ರೀಸ್ ಹಚ್ಚಿದ ರೀಮರ್ ಎಂಬ ತೂತು ಕೆರೆಯುವ ಉಪಕರಣದಿಂದ ಗೈಡಿನ ಕಿಟ್ಟ ಕೆರೆಯುತ್ತಾರೆ. ಗ್ರೀಸ್ ಯಾಕೆ ಅಂದರೆ ಪುಡಿ ಒಳಗೆ ಬೀಳದೆ ಅದಕ್ಕೇ ಅಂಟಲಿ ಅಂತ. ನಮ್ಮದರಲ್ಲಿ ಹೊರಬಂದದ್ದು ಕರಿ ಸಕ್ಕರೆಯಂಥ ಹರಳು ಹರಳು ಪುಡಿ, ಉಗುರಿನ ತುದಿಯಷ್ಟು. ಅಷ್ಟೇ. ಕೆರೆಯುವುದು ಹತ್ತು ನಿಮಿಷದ ಕೆಲಸ. ಒಳಗೆ ಬಿದ್ದ ವಾಲ್ವಿನ ಕಾಂಡವನ್ನು ಪ್ಲಗ್ಗಿನ ತೂತಿನಿಂದ ಕೊಕ್ಕೆ ಹಾಕಿ ಮತ್ತೆ ಗೈಡಿನ ಬಾಯಿಗೆ ತರುವುದಕ್ಕೆ ಐವತ್ತು ನಿಮಿಷ ಹಿಡಿಯಿತು. ನಾನು ಟಾರ್ಚ್ ಹಿಡಿದೆ, ಅವರು ಬೈದರು. ಬೈದದ್ದು ನನಗಲ್ಲ, ವಾಲ್ವಿಗೆ ಅಂತ ಆಮೇಲೆ ಹೇಳಿದರು.

ಇದನ್ನು ನೀವೇ ಮಾಡಲು ಹೋಗಬೇಡಿ. ಪೈಲಟ್ ಲೈಸೆನ್ಸ್ ಇರುವ ಮಾಲೀಕ ಏನೇನು ಮಾಡಬಹುದು ಅನ್ನುವುದು ಎಫ್ಎಎ (ಅಮೆರಿಕದ ವಿಮಾನಯಾನ ಇಲಾಖೆ) ನಿಯಮಗಳ 43ನೇ ಭಾಗದ ಅನುಬಂಧ ಎ-ಯಲ್ಲಿದೆ: ಎಣ್ಣೆ ಬದಲಿಸುವುದು, ಪ್ಲಗ್ ತೆಗೆದು ಶುಚಿಮಾಡಿ ಗ್ಯಾಪ್ ಸರಿಮಾಡುವುದು, ಟೈರು, ಬ್ಯಾಟರಿ, ಚಕ್ರದ ಬೇರಿಂಗಿಗೆ ಗ್ರೀಸ್. ವಾಲ್ವ್ ಅದರಲ್ಲಿಲ್ಲ. ಆದರೆ ಲೈಸೆನ್ಸ್ ಇರುವ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ನೀವು ಕೈ ಹಾಕಬಹುದು, ಸಹಿ ಅವರದು. ಅಂಥವರು ಸಿಕ್ಕಿದರೆ ಕಾಫಿ ಕೊಟ್ಟಾದರೂ ಉಳಿಸಿಕೊಳ್ಳಿ ಮಾರಾಯ್ರೆ. ನಾನು ಕಲಿತದ್ದೆಲ್ಲ ಹಾಗೇ.

ಮತ್ತೆ ಕಿಟ್ಟ ಕಟ್ಟದಿರಲು ನಾವು ಈಗ ಮಾಡುವುದು ಹೇಳುತ್ತೇನೆ. ಸ್ಟಾರ್ಟ್ ಆಗಿ ಓಟ ಹದಕ್ಕೆ ಬಂದ ಕೂಡಲೇ ಮಿಕ್ಸ್ಚರ್ ಗುಂಡಿಯನ್ನು (ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ ಬದಲಿಸುವುದು) ಪೆಟ್ರೋಲು ಕಡಿಮೆಯಾಗುವಂತೆ ಚೆನ್ನಾಗಿ ಹಿಂದೆಳೆಯುತ್ತೇವೆ, ಎಷ್ಟೆಂದರೆ ಮರೆತು ಟೇಕಾಫಿಗೆ ಥ್ರಾಟಲ್ ಕೊಟ್ಟರೆ ಎಂಜಿನ್ ತಡವರಿಸಿ ನೆನಪಿಸಬೇಕು. ಅರೆಬರೆ ಎಳೆಯುವುದೇ ಅಪಾಯ. ನೆಲದ ಮೇಲೆ 600-700 ಸುತ್ತಿನಲ್ಲಿ ಹರಟೆ ಹೊಡೆಯುತ್ತಾ ಕೂರುವುದಿಲ್ಲ, ಸಾವಿರದ ಮೇಲಿಡುತ್ತೇವೆ. ಸೀಸವನ್ನು ಹೊರಗೊಯ್ಯಲು ಪೆಟ್ರೋಲಿನಲ್ಲೇ ಒಂದು ರಾಸಾಯನಿಕ ಸೇರಿಸಿರುತ್ತಾರೆ, ಅದು ಕೆಲಸ ಮಾಡಬೇಕಾದರೆ ಕಾವು ಬೇಕು. ಫಿಲ್ಟರ್ ಇರುವ ಎಂಜಿನ್ನಿಗೆ 50 ಗಂಟೆ ಅಥವಾ ನಾಲ್ಕು ತಿಂಗಳು, ಯಾವುದು ಮೊದಲೋ ಆಗ ಎಣ್ಣೆ ಬದಲಿ. ಆ ನಾಲ್ಕು ತಿಂಗಳನ್ನು ಎಲ್ಲರೂ ಮರೆಯುತ್ತಾರೆ. ವಾಲ್ವ್ ಗೈಡಿನ ಸಂದನ್ನು 400 ಗಂಟೆಗೊಮ್ಮೆ ಅಳೆಯಿರಿ ಅಂತ ಲೈಕಮಿಂಗ್‌ನ 388ನೇ ಬುಲೆಟಿನ್ ಹೇಳುತ್ತದೆ. ನಿಮ್ಮ ಲಾಗ್‌ಬುಕ್ಕಿನಲ್ಲಿ ಅದು ಕೊನೆಗೆ ಯಾವಾಗ ಆಯಿತು ಅಂತ ಹುಡುಕಿ. ನಮ್ಮದರಲ್ಲಿ ಒಮ್ಮೆಯೂ ಇರಲಿಲ್ಲ.

ಪ್ಲಗ್ ನೀವೇ ತೆಗೆಯುವಾಗ ಕೆಳಗಿನ ಸಾಲಿನವನ್ನು ಬೆಳಕಿಗೆ ಹಿಡಿದು ನೋಡಿ. ಪಿಂಗಾಣಿಯ ಸುತ್ತ ಬೂದು ಬಣ್ಣದ ರಾಗಿಕಾಳಿನಂಥ ಗುಂಡುಗಳಿದ್ದರೆ ಅದೇ ಸೀಸ. ಕೈಜಾರಿ ಸಿಮೆಂಟಿನ ಮೇಲೆ ಬಿದ್ದ ಪ್ಲಗ್ಗನ್ನು ಮತ್ತೆ ಹಾಕಬೇಡಿ, ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪಿಂಗಾಣಿ ಸೀಳಿರಬಹುದು.

ಹಳೆಯ ವಿಮಾನವನ್ನು ಸಾಕುವುದು ಹೇಗೆ ಅಂದಿರಿ. ಹಾರಿಸಬೇಕು, ಅಷ್ಟೇ. ಈ ಲೈಕಮಿಂಗ್‌ನಲ್ಲಿ ಕ್ಯಾಮ್‌ಗಳಿರುವ ದಂಡ, ಕ್ಯಾಮ್‌ಶಾಫ್ಟ್, ಪ್ರೊಪೆಲರ್ ತಿರುಗಿಸುವ ಕ್ರ್ಯಾಂಕಿಗಿಂತ ಮೇಲಕ್ಕಿದೆ. ನಿಂತ ವಿಮಾನದಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್ ಬೋಳಾಗುತ್ತದೆ. ಮಳೆಗಾಲದಲ್ಲಿ ಮೂಲೆಗೆ ಒರಗಿಸಿಟ್ಟ ಕತ್ತಿ ನಮ್ಮ ಮಲೆನಾಡಿನಲ್ಲಿ ಎಷ್ಟು ದಿನಕ್ಕೆ ಕೆಂಪಾಗುತ್ತದೆ ಗೊತ್ತಲ್ಲ? ತುಕ್ಕು ಹಿಡಿದ ಕ್ಯಾಮ್ ಆಮೇಲೆ ಓಡುವಾಗ ಚೂರು ಚೂರೇ ಸವೆದು ಫಿಲ್ಟರಿಗೆ ಬರುತ್ತದೆ. ಅದಕ್ಕೇ ತೆಗೆದ ಫಿಲ್ಟರನ್ನು ಪ್ರತಿ ಸಲವೂ ಕತ್ತರಿಸಿ ಬಿಡಿಸಿ ನೋಡಬೇಕು. ಹಾರಲು ಬಿಡುವಿಲ್ಲ ಅಂತ ವಾರಕ್ಕೊಮ್ಮೆ ಹ್ಯಾಂಗರ್ ಮುಂದೆ ಹತ್ತು ನಿಮಿಷ ಓಡಿಸಿ ನಿಲ್ಲಿಸುತ್ತಾರಲ್ಲ, ಅದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಉರಿದ ಪೆಟ್ರೋಲಿನ ನೀರಾವಿ ಎಣ್ಣೆಗೆ ಸೇರುತ್ತದೆ, ಆರಿಹೋಗುವಷ್ಟು ಕಾವು ಬರುವುದಿಲ್ಲ. ಎಣ್ಣೆ 180 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ ಅರ್ಧ-ಮುಕ್ಕಾಲು ಗಂಟೆ ಹಾರಿದರೆ ಅದು ಹಾರಾಟ. ಇಲ್ಲದಿದ್ದರೆ ಮುಟ್ಟಲೇಬೇಡಿ.

ಮೂಗಿನ ಚಕ್ರದ ಅಲುಗಾಟ, ಬಾಗಿಲ ಸಂದಿನಿಂದ ಸೋರುವ ಮಳೆ, ರೇಡಿಯೊದ ಗೊರಗೊರ, ಇವೆಲ್ಲ ಇದ್ದದ್ದೇ, ಒಂದೊಂದಾಗಿ ನೋಡಿಕೊಳ್ಳಬಹುದು. ಎರಡನ್ನು ಮಾತ್ರ ಮುಂದೂಡಬೇಡಿ. ಒಂದು, ಸೀಟಿನ ಹಳಿ. ಪಿನ್ ಕೂರುವ ತೂತು ಸವೆದಿದ್ದರೆ ಟೇಕಾಫ್ ಹೊತ್ತಿಗೆ ಸೀಟು ಹಿಂದಕ್ಕೆ ಜಾರುತ್ತದೆ, ನೀವು ಆಸರೆಗೆ ಹಿಡಿಯುವುದು ಕೈಯಲ್ಲಿರುವ ಕಂಟ್ರೋಲನ್ನೇ, ವಿಮಾನ ಮೂಗೆತ್ತುತ್ತದೆ. 2011-10-09 ಸಂಖ್ಯೆಯ ಎಫ್ಎಎ ಕಡ್ಡಾಯ ನಿರ್ದೇಶನ ಇರುವುದೇ ಇದಕ್ಕೆ. ಎರಡು, ಕ್ಯಾಬಿನ್ ಹೀಟರ್. ಅದರ ಬಿಸಿಗಾಳಿ ಬರುವುದು ಸೈಲೆನ್ಸರಿನ ಸುತ್ತಲಿನ ತಗಡಿನಿಂದ. ಸೈಲೆನ್ಸರ್ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ನೇರ ನಿಮ್ಮ ಮೂಗಿಗೆ, ವಾಸನೆಯೂ ಇಲ್ಲ. ಬ್ಯಾಟರಿಯಿಂದ ಓಡುವ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೊಂಡು ಪ್ಯಾನೆಲಿಗೆ ಅಂಟಿಸಿ.

ಈಗ ನಿಮ್ಮ ಕೆಲಸ. ಶುಕ್ರವಾರ ಸಂಜೆಯೇ ಕೌಲಿಂಗ್ ಬಿಚ್ಚಿಡಿ. ಶನಿವಾರ ಬೆಳಗ್ಗೆ ಮೆಕ್ಯಾನಿಕ್ಕನ್ನು ಕರೆಸಿ, ಅವರು ಬರುವ ಮುಂಚೆ ಎಂಜಿನ್ ಮುಟ್ಟಬೇಡಿ. ನಡುಗುವಾಗಲೇ ಎಡ-ಬಲ ಎರಡೂ ಮ್ಯಾಗ್ನೆಟೊ ನೋಡಿ, ನಿಲ್ಲಿಸಿ, ಕೀಲಿ ತೆಗೆಯಿರಿ. ಕೀಲಿ ತೆಗೆದರೂ ಪ್ರೊಪೆಲರಿನ ದಾರಿಯಲ್ಲಿ ನಿಲ್ಲಬೇಡಿ, ಮ್ಯಾಗ್ನೆಟೊದ ಒಂದು ವೈರು ತುಂಡಾಗಿದ್ದರೆ ಕೀಲಿ ಇಲ್ಲದೆಯೂ ಅದು ಹೊಡೆಯಬಹುದು. ನಾಲ್ಕು ಕೊಳವೆಗೂ ಹನಿ ಹಾಕಿ. ಚುಯ್ ಅನ್ನದ ಸಿಲಿಂಡರ್ ಯಾವುದು ಅಂತ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಹಾರಬೇಡಿ.