ಹಲ್ಲು ಕೀಳ್ಸಿದ್ರೂ ಹೋಗದ ಮಾರಿ ನೋವು

ಪ್ರಶ್ನೆ: ಡಾಕ್ಟ್ರ, ನಮ್ಮ ಅವ್ವಗ 58 ವರ್ಷ. ಆರು ತಿಂಗಳಿಂದ ಬಲಗಲ್ಲದಾಗ ಕರೆಂಟ್ ಹೊಡದಂಗ ನೋವು ಬರ್ತೈತ್ರಿ, ಹಲ್ಲಿಂದ ಅಂತ ಎರಡು ದವಡಿ ಹಲ್ಲು ಕೀಳ್ಸೀವಿ, ಆದ್ರೂ ಹೋಗಿಲ್ಲ. ರೊಟ್ಟಿ ತುತ್ತು ಬಾಯಾಗಿಟ್ಟು ಅಗಿಯಾಕ ಹೆದರಿ ಹಂಗ ಕುಂದರ್ತಾಳ, ಮಾರಿ ತೊಳಿಯುವಾಗ ಬಲಗಡೆ ಕೈ ಮುಟ್ಟಸೂದಿಲ್ಲ. ಏನ್ ಮಾಡ್ಲಿ?
– ಓದುಗರು, ಗದಗ

ಉತ್ತರ: ಓದಿ ಭಾಳ ಸಂಕಟ ಆತು. ಆ ಹೆದರಿಕೀನ ದೊಡ್ಡ ಸುಳಿವು ನೋಡ್ರಿ, ಇದು ಹಲ್ಲಿಂದಲ್ಲ, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅನ್ನೂ ಮಾರಿ ನರದ ನೋವು ಇರಬಹುದು. ಮೆದುಳಿನ 12 ಜೋಡಿ ನರದಾಗ 5ನೇದು ಟ್ರೈಜೆಮಿನಲ್, ಮಾರಿಗೆ ಏನು ತಾಕಿದ್ರೂ ತಿಳಸೂದು ಅದ, ಭಾಳ ಮಂದಿಯೊಳಗ ಮೆದುಳ ಬುಡದಾಗ ಒಂದು ರಕ್ತನಾಳ ಅದಕ್ಕ ಒತ್ತಿ ಒತ್ತಿ ನರದ ಹೊದಿಕೆ ಸವದಿರ್ತದ, ಆಮ್ಯಾಲೆ ಗಾಳಿ ಬಡದ್ರೂ ಹಲ್ಲುಜ್ಜಿದ್ರೂ ಶಾಕ್. ಕೆಲವು ಸೆಕೆಂಡಿಂದ 2 ನಿಮಿಷ, ಅಷ್ಟ. ಹಲ್ಲಿನ ಹುಳಕು ಆಳಕ್ಕ ಇಳದ್ರ ನೋವು ತಾಸುಗಟ್ಲೆ ಇರಬಹುದು. ದಯವಿಟ್ಟು ಇನ್ನೊಂದು ಹಲ್ಲು ಕೀಳ್ಸಬ್ಯಾಡ್ರಿ.

ಹುಬ್ಬಳ್ಳಿಗೆ ಕರ್ಕೊಂಡ್ ಬಂದು ನ್ಯೂರಾಲಜಿಸ್ಟ್‌ಗೆ (ನರರೋಗದ ಡಾಕ್ಟರ್‌ಗೆ) ತೋರಸ್ರಿ, ಎಮ್ಆರ್‌ಐ ಬೇಕಾಗ್ತದ. ಸಾದಾ ನೋವಿನ ಗುಳಿಗಿ ಇದಕ್ಕ ನಡಿಯೂದಿಲ್ಲ, ಮೊದಲ ಔಷಧ ಕಾರ್ಬಮಜೆಪಿನ್, ಕಡಿಮಿ ಡೋಸಿಂದ ಶುರು ಮಾಡಿ ಏರಸ್ತಾರ. ತಲಿ ತಿರಗಬಹುದು, ರಕ್ತದಾಗ ಸೋಡಿಯಂ (ಉಪ್ಪಿನಂಶ) ಇಳೀಬಹುದು, ಅದಕ್ಕ ರಕ್ತ ಪರೀಕ್ಷೆ ಮಾಡಸ್ತಿರ್ರಿ. ಮೈಮ್ಯಾಲೆ ಗುಳ್ಳಿ ಎದ್ರ ಅವತ್ತ ಡಾಕ್ಟರ್ ಕಡೆ ಓಡ್ರಿ. ನೋವು ಇಳೀತು ಅಂತ ನೀವ ಗುಳಿಗಿ ಬಿಡಿಸಬ್ಯಾಡ್ರಿ. ಔಷಧಕ್ಕ ಬಗ್ಗಲಿಲ್ಲಂದ್ರ ಆಪರೇಷನ್ ಐತಿ, ರಕ್ತನಾಳ ಸರಿಸಿ ನಡುವ ಮೆತ್ತಗಿನ ತುಣುಕು ಇಡ್ತಾರ. ಗಲ್ಲ ಜೋಮು ಹಿಡದಂಗಿದ್ರ, ಕಿವಿ ಮಂದ ಆದ್ರ, ಒಂದು ಎರಡಾಗಿ ಕಂಡ್ರ ಬ್ಯಾರೆ ಕಾರಣ ಇರಬಹುದು, ತಡ ಮಾಡಬ್ಯಾಡ್ರಿ. ಅಲ್ಲೀತನಕ ಅವ್ವಗ ರೊಟ್ಟಿ ಹಾಲಾಗ ನೆನಸಿ ಕೊಡ್ರಿ.