ಕಂಪನಿ ಗಾಡಿಗಳ ಜವಾಬ್ದಾರಿ ಬಂದಿದೆ, ಮೊದಲು ಏನು ಮಾಡಲಿ?

ನಮಸ್ಕಾರ. "ಇಷ್ಟು ದಿನ ಅಕೌಂಟ್ಸ್‌ನಲ್ಲಿದ್ದೆ, ಈಗ ಕಂಪನಿಯ 12 ಗಾಡಿಗಳನ್ನು ನನ್ನ ಕೈಗೆ ಕೊಟ್ಟಿದ್ದಾರೆ, ಅವನ್ನು ಅಪಘಾತ ಆಗದ ಹಾಗೆ ನೋಡಿಕೊಳ್ಳೋದು ಹೇಗೆ, ಎಲ್ಲದಕ್ಕೂ ಜಿಪಿಎಸ್ ಹಾಕಿಸಿದರೆ ಸಾಕಾ" ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ 17 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಟಾಟಾ ಏಸ್, ಬೊಲೆರೊ ಪಿಕಪ್, ಐಷರ್ ಲಾರಿ ಎಲ್ಲ ಸೇರಿ ಈಗ 19 ಗಾಡಿ ಇವೆ. ಅನುಭವದಿಂದ ಕಲಿತದ್ದನ್ನು ಹೇಳುತ್ತೇನೆ.

ಜಿಪಿಎಸ್ ಹಾಕಿಸಿ, ಬೇಡ ಅನ್ನಲ್ಲ. ಗಾಡಿ ಎಲ್ಲಿದೆ, ಎಷ್ಟು ಸ್ಪೀಡಿನಲ್ಲಿದೆ ಅಂತ ಅದು ತೋರಿಸುತ್ತದೆ. ಆದರೆ ಬ್ರೇಕ್ ಪೆಡಲ್ ನಿನ್ನೆಗಿಂತ ಇವತ್ತು ಒಂದು ಬೆರಳು ಜಾಸ್ತಿ ಕೆಳಗೆ ಹೋಗುತ್ತಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಅದು ಗೊತ್ತಾಗುವುದು ಡ್ರೈವರ್ ಕಾಲಿಗೆ. ಗಾಡಿಯ ತೊಂದರೆ ಎಲ್ಲರಿಗಿಂತ ಮೊದಲು ತಿಳಿಯುವುದು ಅವನಿಗೇ. ಅವನು ಅದನ್ನು ನಿಮಗೆ ಹೇಳುತ್ತಾನಾ, ಹೇಳಿದರೆ ನೀವು ಗಾಡಿ ನಿಲ್ಲಿಸುತ್ತೀರಾ ಅನ್ನೋದೇ ದೊಡ್ಡ ಪ್ರಶ್ನೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಆಗ ಬೇರೆ ಕಂಪನಿಯಲ್ಲಿದ್ದೆ. ಅಂಕೋಲಾಕ್ಕೆ ಲೋಡ್ ಹೊರಟಿತ್ತು. ಬೆಳಿಗ್ಗೆ ಡ್ರೈವರ್ ಬಂದು, "ಸರ್, ಬ್ರೇಕ್ ಸ್ವಲ್ಪ ಕೆಳಗ ಹೊಂಟೈತ್ರಿ, ಒಮ್ಮೆ ನೋಡಸ್ರಿ" ಅಂದ. ಮಾಲು ತರಿಸಿಕೊಳ್ಳುವ ಪಾರ್ಟಿಯವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ನಾನು, "ಇದೊಂದು ಟ್ರಿಪ್ ಹೊಡ್ಕೊಂಡು ಬಾರಪ್ಪ, ಸಂಜಿಗೆ ನೋಡೋಣು" ಅಂದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಪೆಡಲ್ ಪೂರ್ತಿ ನೆಲಕ್ಕೆ ಹೋಯಿತು. ಅವನು ಅನುಭವಸ್ಥ. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆಯುತ್ತಾ, ಗುಡ್ಡದ ಕಡೆಯ ಮಣ್ಣಿಗೆ ಗಾಡಿ ಒರೆಸಿ ನಿಲ್ಲಿಸಿದ. ಕ್ಲೀನರ್ ಹುಡುಗನ ಕೈ ಮುರಿಯಿತು. ಇನ್ನೊಂದು ಪಕ್ಕಕ್ಕೆ ಹೋಗಿದ್ದರೆ ಕೆಳಗೆ ಕಣಿವೆ.

ಬಿಚ್ಚಿ ನೋಡಿದರೆ ಹಿಂದಿನ ಚಕ್ರದೊಳಗೆ ಬ್ರೇಕನ್ನು ಒತ್ತುವ ವ್ಹೀಲ್ ಸಿಲಿಂಡರಿನ ಸೀಲ್ ಸೋರುತ್ತಿತ್ತು. ಬ್ರೇಕ್ ಲೈನಿಂಗ್ ಎಲ್ಲ ಎಣ್ಣೆ. ಬ್ರೇಕ್ ಆಯಿಲ್ ಕಪ್ಪಗಾಗಿತ್ತು, ಎಷ್ಟು ವರ್ಷದಿಂದ ಬದಲಿಸಿರಲಿಲ್ಲವೋ. ಕೆಲವು ನೂರು ರೂಪಾಯಿಯ ಕಿಟ್, ಅರ್ಧ ದಿನದ ಕೆಲಸ. ಆಸ್ಪತ್ರೆಯಲ್ಲಿ ಆ ಹುಡುಗನ ಅವ್ವ ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ.

ಆದ್ದರಿಂದ ನೀವು ಮೊದಲು ಒಂದು ಪುಸ್ತಕ ಶುರು ಮಾಡಿ. ಗಾಡಿಗೊಂದು ನೋಟ್‌ಬುಕ್. ಆ್ಯಪ್ ಬೇಡ, ಸದ್ಯಕ್ಕೆ ಕಾಗದವೇ ಸಾಕು. ಸಂಜೆ ಕೀ ವಾಪಸ್ ಕೊಡುವಾಗ ಡ್ರೈವರ್ ಕಿಲೋಮೀಟರ್ ಬರೆದು, ಗಾಡಿಯಲ್ಲಿ ಏನು ಕಂಡಿತೋ ಅದನ್ನು ತನ್ನ ಮಾತಿನಲ್ಲೇ ಬರೆಯಬೇಕು. ಏನೂ ಇಲ್ಲದಿದ್ದರೆ "ಸರಿ ಇದೆ" ಅಂತ ಬರೆದು ಸಹಿ. ಮೆಕ್ಯಾನಿಕ್ ಏನು ಮಾಡಿದ ಅಂತ ಅದರ ಕೆಳಗೇ ಬರೆಯಬೇಕು. ಮರುದಿನ ಬೆಳಿಗ್ಗೆ ಡ್ರೈವರ್ ಅದನ್ನು ಓದಿ, ಆಮೇಲೆ ಕೀ ತಗೋಬೇಕು. ನಮ್ಮ ಒಂದು ಪಿಕಪ್ ಪುಸ್ತಕದಲ್ಲಿ ಹೋದ ವರ್ಷ "ಎಡಕ್ಕೆ ಎಳಿತೈತಿ" ಅಂತ ಎರಡೇ ಪದ ಇತ್ತು. ಮುಂದಿನ ಚಕ್ರ ಬಿಚ್ಚಿದರೆ ಬ್ರೇಕ್ ಹಿಡಿಯುವ ಕ್ಯಾಲಿಪರ್ ಜಾಮ್ ಆಗಿತ್ತು. ಬರೆಯಲು ಬಾರದವರಿದ್ದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ.

ಪುಸ್ತಕ ಇಟ್ಟ ಮಾತ್ರಕ್ಕೆ ಆಗಲ್ಲ. ಡ್ರೈವರ್ ಯಾಕೆ ಸುಮ್ನಿರುತ್ತಾನೆ ಅಂತ ಯೋಚಿಸಿ. ಗಾಡಿ ನಿಂತರೆ ಅವನ ಆ ದಿನದ ಬಾಟಾ, ಅಂದರೆ ಟ್ರಿಪ್ಪಿಗೆ ಹೋದರೆ ಸಿಗುವ ಭತ್ಯೆ, ಹೋಗುತ್ತದೆ. ಮನೆಯಲ್ಲಿ ಮಕ್ಕಳ ಫೀ ಇದೆ, ಸಾಲದ ಕಂತು ಇದೆ. ಅವನು ಬ್ರೇಕ್ ಬಗ್ಗೆ ಬಾಯಿ ಬಿಡುತ್ತಾನಾ? ಅದಕ್ಕೇ ನಾನು ಮಾಲೀಕರ ಜೊತೆ ಜಗಳ ಆಡಿಯೇ ಒಂದು ನಿಯಮ ತಂದೆ. ತೊಂದರೆ ಬರೆದು ಗಾಡಿ ನಿಂತರೆ ಆ ದಿನದ ಬಾಟಾ ಪೂರ್ತಿ ಕೊಡಬೇಕು. ನೀವು ಅಕೌಂಟ್ಸ್ ಬಲ್ಲವರು, ಲೆಕ್ಕ ಹಾಕಿ ತೋರಿಸಿ. ವರ್ಷಕ್ಕೆ ಹೀಗೆ ಕೊಡುವ ಬಾಟಾ ಒಟ್ಟು ಮಾಡಿದರೂ ಒಂದು ಅಪಘಾತದ ರಿಪೇರಿ ಖರ್ಚಿಗೆ ಸಮ ಆಗಲ್ಲ.

ಜೊತೆಗೆ ಗಾಡಿ ನಿಲ್ಲಿಸುವ ಅಧಿಕಾರ ನಿಮಗಿದೆ ಅಂತ ಮಾಲೀಕರಿಂದ ಬರೆಸಿಕೊಳ್ಳಿ. ಇಲ್ಲದಿದ್ದರೆ ಸೇಲ್ಸ್‌ನವರು ನಿಮ್ಮ ತಲೆ ಮೇಲಿಂದ ಫೋನ್ ಮಾಡಿ ಗಾಡಿ ಬಿಡಿಸುತ್ತಾರೆ. ಬ್ರೇಕ್, ಸ್ಟೀರಿಂಗ್, ಟೈರ್, ವ್ಹೀಲ್ ನಟ್, ರಾತ್ರಿ ಟ್ರಿಪ್ ಆದರೆ ಲೈಟ್, ಮಳೆಗಾಲದಲ್ಲಿ ವೈಪರ್. ಇವುಗಳಲ್ಲಿ ಒಂದು ಸರಿ ಇಲ್ಲ ಅಂದರೂ ಕೀ ಕೊಡಬೇಡಿ. ಸೀಟು ಹರಿದಿದೆ, ರೇಡಿಯೋ ಹಾಡ್ತಿಲ್ಲ ಅನ್ನೋದೆಲ್ಲ ಭಾನುವಾರ ನೋಡಿದರಾಯಿತು.

ಬೆಳಿಗ್ಗೆ ಹೊರಡುವ ಮುಂಚೆ ಹತ್ತು ನಿಮಿಷ ಗಾಡಿ ಸುತ್ತ ಒಂದು ಸುತ್ತು ಹಾಕುವ ಅಭ್ಯಾಸ ಮಾಡಿಸಿ. ಮೊದಲ ತಿಂಗಳು ನೀವೂ ಜೊತೆಗೆ ಹೋಗಿ. ಗಾಡಿ ಕೆಳಗೆ ರಾತ್ರಿ ಎಣ್ಣೆ ತೊಟ್ಟಿಕ್ಕಿದ ಕಲೆ ಇದೆಯಾ ನೋಡಿ. ಐಷರಿನ ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಇಳಿದಿದ್ದರೆ ಹೊರಗಿನಿಂದ ಗೊತ್ತೇ ಆಗಲ್ಲ. ಹಳೇ ಡ್ರೈವರ್‌ಗಳು ಕಬ್ಬಿಣದ ರಾಡಿನಿಂದ ಟೈರಿಗೆ ಬಡಿದು ಕೇಳುತ್ತಾರೆ. ಗಾಳಿ ಸರಿ ಇದ್ದರೆ ರಾಡು ಪುಟಿಯುತ್ತದೆ, ಗಟ್ಟಿ ಶಬ್ದ ಬರುತ್ತದೆ. ಇಳಿದಿದ್ದರೆ ಒದ್ದೆ ಮೂಟೆಗೆ ಬಡಿದ ಹಾಗೆ "ದಬ್" ಅನ್ನುತ್ತದೆ. ವ್ಹೀಲ್ ನಟ್ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ ಸಡಿಲ ಇರಬಹುದು, ತಕ್ಷಣ ಬಿಗಿ ಮಾಡಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ಮಾಡಲೇಬೇಕು. ಗಾಳಿಯ ಒತ್ತಡದಿಂದ ಹಿಡಿಯುವ ಏರ್ ಬ್ರೇಕ್ ಇರುವ ಗಾಡಿಯಾದರೆ ಏರ್ ಟ್ಯಾಂಕಿನಲ್ಲಿ ನಿಂತ ನೀರು ಬಿಡಬೇಕು. ಮಳೆಗಾಲದಲ್ಲಂತೂ ಮರೆಯಬೇಡಿ.

ಟೈರಿನ ಗಾಳಿಯನ್ನು ಗಾಡಿ ತಣ್ಣಗಿದ್ದಾಗ ನೋಡಿ, ಓಡಿ ಬಂದ ಮೇಲೆ ಅಲ್ಲ. ನಾಲ್ಕು ಚಕ್ರದ ಗಾಡಿಗೆ ಟೈರಿನ ಗುಂಡಿ, ಅಂದರೆ ಅದರ ಮೇಲಿನ ಗೆರೆಗಳ ಆಳ, ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅಂತ ನಿಯಮ ಇದೆ. ಗುಂಡಿಯ ತಳದಲ್ಲಿ ಸಣ್ಣ ರಬ್ಬರ್ ಉಬ್ಬುಗಳಿರುತ್ತವೆ, ಟೈರ್ ಸವೆದು ಆ ಮಟ್ಟಕ್ಕೆ ಬಂತು ಅಂದರೆ ಮುಗಿಯಿತು. ನಾನು ಅಲ್ಲಿಯವರೆಗೂ ಕಾಯಲ್ಲ, ಮಳೆಗಾಲಕ್ಕೆ ಮುಂಚೆ 3 ಮಿಲಿಮೀಟರಿಗೇ ತೆಗೆಸುತ್ತೇನೆ. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಗಾಡಿಯ ಟೈರು ನೋಡಲು ಹೊಸದರ ಹಾಗಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ರಿಟ್ರೆಡ್ ಮಾಡಿಸಿದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ ಟೈರನ್ನು ಮುಂದಿನ ಚಕ್ರಕ್ಕೆ ಹಾಕಿಸಲೇಬೇಡಿ.

ಬ್ರೇಕ್ ಆಯಿಲ್ ಬಗ್ಗೆ ಇನ್ನೊಂದು ಮಾತು. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಘಟ್ಟ ಇಳಿಯುವಾಗಿನ ಬಿಸಿಗೆ ಬೇಗ ಕುದಿದು ಆವಿಯಾಗುತ್ತದೆ, ಆಗ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯಲ್ಲ. ಡಬ್ಬಿ ತುಂಬಾ ಆಯಿಲ್ ಇದೆ ಅಂತ ನಂಬಿ ಕೂರಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

ನಿಮ್ಮ ಗಾಡಿಗಳು ಘಟ್ಟಕ್ಕೆ ಹೋಗುತ್ತವೆಯಾ? ಹೋದರೆ ನ್ಯೂಟ್ರಲ್‌ನಲ್ಲಿ ಇಳಿಸುವ ಚಟ ಬಿಡಿಸಿ. ಡೀಸೆಲ್ ಉಳಿಯುತ್ತೆ ಅಂತ ಹಾಗೆ ಮಾಡುತ್ತಾರೆ. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ. ಮೈಲೇಜಿಗೆ ಇನಾಮು ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ಅದನ್ನು ತೆಗೆಸಿ. ಆ ಇನಾಮಿನ ಆಸೆಯೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿಸುತ್ತದೆ.

ಲೋಡು. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ. ಕಳೆದರೆ ಎಷ್ಟು ಹೇರಬಹುದು ಅಂತ ಬರುತ್ತದೆ, ಅದರಲ್ಲಿ ಡ್ರೈವರ್ ಮತ್ತು ಕ್ಲೀನರ್ ತೂಕವೂ ಸೇರಿದೆ. ಆ ಅಂಕಿಯನ್ನು ದೊಡ್ಡದಾಗಿ ಗಾಡಿಯ ಹಿಂಬಾಗಿಲ ಒಳಗೆ ಬರೆಸಿ. ಹಮಾಲರಿಗೂ ಕಾಣಲಿ. ಇನ್ನು ಲೋಡಿನ ಮೇಲೆ ಜನ ಕೂರುವುದು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಹತ್ತಿರ ಉರುಳಿ 10 ಜನ ವ್ಯಾಪಾರಿಗಳು ತೀರಿಕೊಂಡರು. ಹೊಟ್ಟೆಪಾಡಿಗೆ ಹೊರಟ ಬಡವರು. ನಮ್ಮ ಗಾಡಿಗಳು ದಿನಾ ಓಡಾಡುವ ರಸ್ತೆ ಅದು. ಆ ವಾರ ನಮ್ಮ ಶೆಡ್ಡಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮೈಲಿ ದೂರಕ್ಕಾದರೂ ಸರಿ, ಲೋಡಿನ ಮೇಲೆ ಯಾರನ್ನೂ ಕೂರಿಸಬಾರದು ಅಂತ ಖಡಕ್ಕಾಗಿ ಹೇಳಿ.

ಕಾಗದಪತ್ರ ನಿಮಗೆ ಸುಲಭ. ಸಾಗಣೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಅಂದರೆ ಎಫ್‌ಸಿ. ಇನ್ಶೂರೆನ್ಸ್, ಹೊಗೆ ತಪಾಸಣೆ, ಟ್ಯಾಕ್ಸ್, ಡ್ರೈವರ್‌ಗಳ ಲೈಸೆನ್ಸ್ ಎಲ್ಲದರ ತಾರೀಖನ್ನೂ ಒಂದೇ ಹಾಳೆಯಲ್ಲಿ ಹಾಕಿ, 30 ದಿನ ಮುಂಚೆ ಎಚ್ಚರಿಕೆ ಬರುವ ಹಾಗೆ ಮಾಡಿಕೊಳ್ಳಿ. ಕಾರಿನ ಲೈಸೆನ್ಸ್ ಇದ್ದವರು ಗೂಡ್ಸ್ ಗಾಡಿ ಓಡಿಸಬಹುದಾ ಅನ್ನುವ ಗೊಂದಲ ತುಂಬ ದಿನ ಇತ್ತು. ಒಟ್ಟು ತೂಕ 7,500 ಕೆಜಿ ಮೀರದ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಂದು ನೆನಪಿಡಿ. ಎಫ್‌ಸಿ ಅಂದರೆ ಆ ದಿನ ಗಾಡಿ ಸರಿ ಇತ್ತು ಅಂತ ಅಷ್ಟೇ. ಎಫ್‌ಸಿಗೆ ಅಂತ ಒಳ್ಳೆ ಟೈರ್ ಹಾಕಿಸಿ, ಬಂದ ಮೇಲೆ ಹಳೇದನ್ನೇ ತೊಡಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಬೇಡಿ, ನಿಮ್ಮ ಹುಡುಗರೇ ಅದರಲ್ಲಿ ಕೂತು ಹೋಗೋದು ಅಲ್ವಾ?

ಗಾಡಿಯಷ್ಟೇ ಡ್ರೈವರ್‌ನನ್ನೂ ನೋಡಿಕೊಳ್ಳಬೇಕು. ದಿನಕ್ಕೆ 8 ಗಂಟೆ, 5 ಗಂಟೆ ಓಡಿಸುವುದರೊಳಗೆ ಅರ್ಧ ಗಂಟೆ ವಿಶ್ರಾಂತಿ ಅನ್ನುವುದು 1961ರಲ್ಲೇ ಕಾನೂನಿನಲ್ಲಿ ಬಂದದ್ದು. ರಾತ್ರಿ ಎರಡಕ್ಕೆ ಕಾರವಾರದಿಂದ ಬಂದವನನ್ನು ಬೆಳಿಗ್ಗೆ ಏಳಕ್ಕೆ ಮತ್ತೆ ಎಬ್ಬಿಸಬೇಡಿ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಮೊದಲ ವರ್ಷವೇ ಮೂವರಿಗೆ ಕನ್ನಡಕ ಬಂತು. ಅದರಲ್ಲಿ ಒಬ್ಬರು ರಾತ್ರಿ ಗಾಡಿಯವರು, ಎದುರಿನ ಲೈಟು ಚೆಲ್ಲಿದ ಹಾಗೆ ಕಾಣುತ್ತೆ ಅಂತ ಯಾರಿಗೂ ಹೇಳದೆ ಎರಡು ವರ್ಷ ಓಡಿಸಿದ್ದರು.

ಆಯುಧ ಪೂಜೆಗೆ ನಿಮ್ಮಲ್ಲೂ ಎಲ್ಲ ಗಾಡಿ ಒಟ್ಟಿಗೆ ನಿಲ್ಲುತ್ತವೆ ಅಂದುಕೊಂಡಿದ್ದೇನೆ. ನಾವು ಅದರ ಹಿಂದಿನ ಎರಡು ದಿನ ಎಲ್ಲ ಚಕ್ರ ಬಿಚ್ಚಿ ಲೈನಿಂಗ್ ನೋಡುತ್ತೇವೆ, ಗ್ರೀಸ್ ಹೊಡೆಸುತ್ತೇವೆ, ಸ್ಟೆಪ್ನಿ, ಜಾಕಿ, ರಸ್ತೆಯಲ್ಲಿಡುವ ಕೆಂಪು ತ್ರಿಕೋನ ಇವೆಯಾ ಅಂತ ಎಣಿಸುತ್ತೇವೆ. ಆಮೇಲೆ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯುವುದು. ಅರಬೈಲಿನಲ್ಲಿ ಕೈ ಮುರಿದುಕೊಂಡ ಆ ಹುಡುಗ ಈಗ ನನ್ನ ಹತ್ತಿರವೇ ಐಷರ್ ಓಡಿಸುತ್ತಾನೆ. ಪೂಜೆಗೆ ಮುಂಚೆ ತನ್ನ ಗಾಡಿಯ ಬ್ರೇಕ್ ಆಯಿಲ್ ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡುತ್ತಾನೆ.

ನಿಮ್ಮ 12 ಗಾಡಿ ಯಾವ ಯಾವುವು, ಯಾವ ಊರಿಗೆ ಹೋಗುತ್ತವೆ, ಎಷ್ಟು ವರ್ಷ ಹಳೆಯವು ಅಂತ ಬರೆಯಿರಿ. ಯಾವುದನ್ನು ಮೊದಲು ಶೆಡ್ಡಿಗೆ ಹಾಕಬೇಕು ಅಂತ ಕೂತು ನೋಡೋಣ.